ಅಮಾವಾಸ್ಯೆಗೆ ಹೊರಟ ನಾಡಿ

ತಾರಿಹಾಳದ ನಮ್ಮ ಆಫೀಸಿನಲ್ಲಿ ಕಿಟಕಿಯ ಪಕ್ಕದ ಮೂಲೆ ಒಂದು ಹಳೆಯ ಕಂಪ್ಯೂಟರಿಗೆ ಮೀಸಲು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಊಟದ ವೇಳೆ ತಿಳಿಸುವ ಮೊದಲೇ ಅದನ್ನು ಸರಿಸಬೇಡಿ ಎಂದು ಹೇಳಿಬಿಡುತ್ತೇವೆ. ಅದರ ಬೆನ್ನಿನಲ್ಲಿ ಅಂಗೈಯಗಲದ ಒಂದು ಕಾರ್ಡು ಕೂತಿದೆ. ಆ ಕಾರ್ಡಿನಿಂದ ಬಣ್ಣಬಣ್ಣದ ತಂತಿಗಳ ಗೊಂಚಲು ಹೊರಟು ಮೇಜಿನ ಮೇಲೆ ಬಂದು ಮಲಗಿದೆ. ಗಿರಣಿ, ಎಣ್ಣೆ ಮಿಲ್ಲುಗಳ ಯಂತ್ರಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡಿಕೊಡುವುದು ನಮ್ಮ ಕಸುಬು. ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಬೋರ್ಡು ಆ ಪೆಟ್ಟಿಗೆಯೊಳಗಿರುತ್ತದೆ. ಪೆಟ್ಟಿಗೆ ತಕರಾರು ಮಾಡಿದರೆ ಬೋರ್ಡನ್ನು ಹೊರತೆಗೆದು ಆ ತಂತಿಗಳಿಗೆ ಸಿಕ್ಕಿಸುತ್ತೇವೆ. ಓಡುತ್ತಿರುವ ಬೋರ್ಡಿನೊಳಗೆ ಏನೇನು ನಡೆದಿದೆಯೋ ಅದೆಲ್ಲ ಪರದೆಯ ಮೇಲೆ ಗೆರೆಗೆರೆಯಾಗಿ ಹರಿಯತೊಡಗುತ್ತದೆ.

ಹಾಗೆ ತೋರಿಸುವ ಸಾಫ್ಟ್‌ವೇರಿಗೆ ನಾಡಿ ಎಂದು ಹೆಸರು. ಅದನ್ನು ಬರೆದವರು ನಮ್ಮ ಸರ್. ಕಂಪನಿಯನ್ನು ಕಟ್ಟಿದವರು ಅವರೇ, ಧಾರವಾಡದವರು, ಈಗಲೂ ದಿನಾ ನಮಗಿಂತ ಮೊದಲು ಬಂದು ಬಾಗಿಲು ತೆಗೆಯುವವರು. ಅವರು ಹಾಕಿಕೊಟ್ಟ ಒಂದು ರೂಢಿ ನಮ್ಮಲ್ಲಿದೆ. ಪ್ರೋಗ್ರಾಮಿನ ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಬರೆದವರ ಹೆಸರು ಇರಬೇಕು, ಹೆಸರಿದ್ದವರ ಫೈಲನ್ನು ಇನ್ನೊಬ್ಬರು ಮುಟ್ಟಬಾರದು. ತಪ್ಪಾದರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ ಅಂತ ಅವರ ಲೆಕ್ಕ. ನಾಡಿಯ ಮುಖ್ಯ ಫೈಲಿನ ಮೇಲೆ ಸರ್ ಹೆಸರಿತ್ತು. ನಾನು ಸೇರಿದಾಗಿನಿಂದ ಅದನ್ನು ಓದಿದವರು ಹಲವರು, ಒಂದು ಅಕ್ಷರ ಬದಲಿಸಿದವರು ಯಾರೂ ಇಲ್ಲ.

ನನ್ನ ಪೇಚಾಟ ಶುರುವಾದದ್ದು ಮುಗದದ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಎಣ್ಣೆ ಮಿಲ್ಲಿನಿಂದ. ಕುಸುಬಿ, ಶೇಂಗಾ ಹಿಂಡುವ ಮೂರು ಯಂತ್ರಗಳು ಅಲ್ಲಿದ್ದವು, ಮೂರಕ್ಕೂ ನಮ್ಮದೇ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಪ್ರೋಗ್ರಾಮು ನಾನು ಬರೆದದ್ದು. ಅವುಗಳಲ್ಲಿ ಬಾಗಿಲ ಹತ್ತಿರದ ಮೊದಲನೇ ಯಂತ್ರ ಆಗಾಗ ತಾನೇ ತಾನಾಗಿ ನಿಂತುಬಿಡುತ್ತಿತ್ತು, ಪೆಟ್ಟಿಗೆಯ ಮೇಲಿನ ಕೆಂಪು ದೀಪ ಹತ್ತುತ್ತಿತ್ತು. ಮೋಟರು ಬಿಸಿಯಾದರೂ ಅದೇ ದೀಪ, ಕಾಳು ಸಿಕ್ಕಿಬಿದ್ದರೂ ಅದೇ ದೀಪ, ಬೆಲ್ಟಿನ ಮೇಲಿನ ಮುಚ್ಚಳ ತೆರೆದರೂ ಅದೇ ದೀಪ. ಹೀಗಾಗಿ ಯಾಕೆ ನಿಂತಿತು ಎಂದು ಅಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. ಅವರು ಪೆಟ್ಟಿಗೆಯನ್ನು ಬಿಚ್ಚಿ ನಮಗೆ ಕಳಿಸುತ್ತಿದ್ದರು. ನಾವು ಅದನ್ನು ಚೆನ್ನಾಗಿ ಒರೆಸಿ, ಬೋರ್ಡು ತೆಗೆದು ನಾಡಿಗೆ ಸಿಕ್ಕಿಸಿದರೆ ಇಡೀ ದಿನ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಮನೆಯಲ್ಲಿ ಅತ್ತು ರಂಪ ಮಾಡಿದ ಮಗು ಡಾಕ್ಟರ ಮುಂದೆ ನಗುತ್ತ ಕೂರುತ್ತದಲ್ಲ, ಹಾಗೆ. ‘ಎಲ್ಲ ಸರಿ ಇದೆ’ ಎಂದು ವಾಪಸು ಕಳಿಸುತ್ತಿದ್ದೆವು. ಸ್ವಲ್ಪ ದಿನ ಕಳೆದು ಅದು ಮತ್ತೆ ಬರುತ್ತಿತ್ತು.

ಕೊನೆಗೆ ಮಿಲ್ಲಿನ ಮಾಲೀಕರು ನನಗೇ ಫೋನು ಮಾಡಿದರು. ಸಿಟ್ಟಿನಲ್ಲೂ ತಮಾಷೆ ಬಿಡದ ಮನುಷ್ಯ.

“ಮೇಡಂ, ನಿಮ್ಮ ಪೆಟ್ಟಿಗಿ ನಿಮ್ಮಲ್ಲಿ ಬಂದ್ರ ಶಾಣ್ಯಾ ಆಗ್ತೈತಿ, ನಮ್ಮಲ್ಲಿ ಬಂದ್ರ ಹುಚ್ಚ ಆಗ್ತೈತಿ. ಹೊಸಾ ಕುಸುಬಿ ಬರೂತನಕ ನೋಡ್ತೇನ್ರಿ. ಅಷ್ಟ್ರಾಗ ಸರಿ ಆಗ್ಲಿಲ್ಲಂದ್ರ ಮೂರೂ ಬಿಚ್ಚಿಕೊಂಡು ಒಯ್ರಿ. ನಾ ಬ್ಯಾರೆ ನೋಡ್ಕೋತೇನಿ.”

“ಬೋರ್ಡಿನ್ಯಾಗ ಏನೂ ದೋಷ ಇಲ್ರಿ” ಎಂದೆ.

“ಬೋರ್ಡ್ ಛಲೋ ಇದ್ರ ಒಳಗಿನ ಪ್ರೋಗ್ರಾಮ್ ಖರಾಬ್ ಐತೇನ್ರಿ ಹಂಗಾರ?”

ಆ ಮಾತು ನನಗೆ ನಾಟಿತು. ಎಣ್ಣೆ ಮಿಲ್ಲಿನವರು ಒಬ್ಬರನ್ನೊಬ್ಬರು ಕೇಳಿಯೇ ಸಾಮಾನು ಕೊಳ್ಳುವವರು. ಒಂದು ಕಡೆಯಿಂದ ನಮ್ಮ ಪೆಟ್ಟಿಗೆ ಕಿತ್ತು ಬಂತೆಂದರೆ ಉಳಿದ ಕಡೆಯೂ ನಮ್ಮನ್ನು ಕರೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಪ್ರೋಗ್ರಾಮು ಕೆಟ್ಟದ್ದು ಎಂಬ ಮಾತು ಅಲ್ಲಿಯೇ ಉಳಿದುಬಿಡುತ್ತದೆ. ಅದು ಕೆಟ್ಟದ್ದಲ್ಲವೆಂದು ನನಗೆ ಗೊತ್ತಿತ್ತು. ತೋರಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಪೆಟ್ಟಿಗೆಯನ್ನು ನಾಡಿಯ ಬಳಿ ತಂದರೆ ದೋಷ ಕಾಣದು, ಆದ್ದರಿಂದ ನಾಡಿಯನ್ನೇ ಪೆಟ್ಟಿಗೆಯ ಬಳಿ ಒಯ್ಯೋಣ ಎಂದು ಸರ್‌ಗೆ ಹೇಳಿದೆ. ಅವರು ಮೂಲೆಯ ಕಡೆ ಒಮ್ಮೆ ನೋಡಿ ಹೂಂ ಎಂದರು. ಸರಿಸಬಾರದ ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ ಚಿಕ್ಕ ಟೆಂಪೊದಲ್ಲಿಟ್ಟು ನಾನೂ ಆಫೀಸಿನ ಇನ್ನೊಬ್ಬರೂ ಹೊರಟೆವು. ರಾಯಾಪುರ ದಾಟುವಷ್ಟರಲ್ಲಿ ಹಿಂದಿನಿಂದ ಲಟಲಟ ಸಪ್ಪಳ ಶುರುವಾಯಿತು. ಮಿಲ್ಲಿನಲ್ಲಿ ತೆರೆದು ನೋಡಿದರೆ ಕಾರ್ಡು ತನ್ನ ಗೂಡಿನಿಂದ ಅರ್ಧ ಹೊರಬಂದಿತ್ತು. ಅದನ್ನು ಕೂರಿಸಿ ಚಾಲೂ ಮಾಡಿದೆವು. ಯಂತ್ರದ ದೊಡ್ಡ ಮೋಟರು ಹತ್ತಿದ ಕೂಡಲೇ ವೋಲ್ಟೇಜು ಕುಸಿದು ಕಂಪ್ಯೂಟರು ಆರಿಹೋಯಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಮೂರನೇ ಸಲ ಹತ್ತಲೇ ಇಲ್ಲ. ಆಫೀಸಿಗೆ ತಂದ ಮೇಲೆ ಸರ್ ಅದರ ಪಕ್ಕೆ ಬಿಚ್ಚಿ, ಬ್ರಶ್ಶಿನಿಂದ ಹಿಂಡಿಯ ಪುಡಿಯನ್ನೆಲ್ಲ ಝಾಡಿಸಿ, ಎರಡು ದಿನ ಕೂತು ಜೀವ ತಂದರು.

“ಇನ್ನೊಮ್ಮೆ ಇದು ಹೊಸ್ತಿಲಾ ದಾಟೂದಿಲ್ಲ” ಎಂದರು. ನಾನು ಒಪ್ಪಿಕೊಂಡೆ.

ಲ್ಯಾಪ್‌ಟಾಪಿನಲ್ಲಿ ನಾಡಿ ಓಡಬೇಕು, ಅಷ್ಟೇ ಉಳಿದ ದಾರಿ. ಲ್ಯಾಪ್‌ಟಾಪಿನಲ್ಲಿ ಆ ಕಾರ್ಡು ಹಾಕಲು ಜಾಗವಿಲ್ಲ, ಯುಎಸ್‌ಬಿ ಕೇಬಲ್ಲಿನಿಂದಲೇ ಬೋರ್ಡಿನ ಜೊತೆ ಮಾತಾಡಬೇಕು. ಸರ್ ಫೈಲನ್ನು ಮುಟ್ಟುವಂತಿಲ್ಲವಲ್ಲ, ಇಡೀ ನಾಡಿಯನ್ನು ನಕಲು ಮಾಡಿಕೊಂಡೆ. ನಕಲಿನಲ್ಲಿ ಕಾರ್ಡನ್ನು ಕುರಿತ ಸಾಲುಗಳನ್ನು ಹುಡುಕಿ ಹುಡುಕಿ ಕೇಬಲ್ಲಿಗೆ ಬದಲಿಸತೊಡಗಿದೆ. ಹುಡುಕುವಾಗ ಗೊತ್ತಾಯಿತು, ಕಾರ್ಡು ಎಲ್ಲೆಲ್ಲೂ ಇತ್ತು. ಗೆರೆ ಎಳೆಯುವ ಕಡೆ ಕಾರ್ಡು, ಬಣ್ಣ ಆರಿಸುವ ಕಡೆ ಕಾರ್ಡು, ಕಡತ ಉಳಿಸುವ ಕಡೆಯೂ ಕಾರ್ಡು. ಉಪ್ಪಿಟ್ಟಿನಿಂದ ಸಾಸಿವೆ ಆರಿಸಿದಂತೆ ಆರಿಸಿದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಒಡೆಯುತ್ತಿತ್ತು. ಬೈಯುತ್ತಲೇ ಕೆಲಸ ಮಾಡಿದೆ, ಯಾರನ್ನು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಅಂತೂ ಒಂದು ದಿನ ಗೆರೆಗಳು ಮೂಡಿದವು. ನನಗೆ ಹಿಗ್ಗು. ಸರ್‌ರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ಹತ್ತಿರ ಬಗ್ಗಿದರು.

“ಇದೇನವಾ ಇದು? ಇದು ನಾಡಿ ಅಲ್ಲ, ಚಳಿಜ್ವರ.”

ನೋಡಿದರೆ ಅವರ ಮಾತು ನಿಜ. ಮೇಜಿನ ಮೇಲೆ ಸುಮ್ಮನೆ ಕೂತ ಬೋರ್ಡಿನ ಗೆರೆಗಳು ಗಡಗಡ ನಡುಗುತ್ತಿದ್ದವು. ಕಾರಣ ತಿಳಿಯಲು ಒಂದು ವಾರವೇ ಹಿಡಿಯಿತು. ಹಳೆಯ ಕಾರ್ಡು ಗಡಿಯಾರದ ಹಾಗೆ ಒಂದೇ ಸಮ ಅಂತರದಲ್ಲಿ ಬೋರ್ಡನ್ನು ಓದುತ್ತಿತ್ತು. ಹಾಗಾಗಿ ಓದಿದ ಸಂಖ್ಯೆ ನಾಡಿಗೆ ಬಂದ ಗಳಿಗೆಯೇ ಅದು ಘಟಿಸಿದ ಗಳಿಗೆ. ಕೇಬಲ್ಲು ಹಾಗಲ್ಲ, ಕೆಲವನ್ನು ಕೂಡಿಟ್ಟುಕೊಂಡು ಒಟ್ಟಿಗೆ ತಂದು ಸುರಿಯುತ್ತದೆ. ಬೇರೆಬೇರೆ ಗಳಿಗೆಯಲ್ಲಿ ಆದದ್ದನ್ನೆಲ್ಲ ನಾಡಿ ಈಗಲೇ ಆಯಿತು ಎಂದು ಬಗೆದು ಒಂದರ ಮೇಲೊಂದು ಎಳೆಯುತ್ತಿತ್ತು. ಇಂಥ ನಾಡಿ ಹಿಡಿದುಕೊಂಡು ಮಿಲ್ಲಿಗೆ ಹೋದರೆ ಇಲ್ಲದ ರೋಗವನ್ನೆಲ್ಲ ಹೇಳಿ ಬರುತ್ತಿದ್ದೆ.

ಅಷ್ಟರಲ್ಲಿ ಸರ್ ಹಳೆಯ ನಾಡಿಯಲ್ಲಿ ಏನೋ ಚಿಕ್ಕದೊಂದು ತಿದ್ದಿದರು. ನನ್ನ ನಕಲಿಗೆ ಅದು ಬರಲಿಲ್ಲ. ನಾನು ನಕಲಿನಲ್ಲಿ ಇನ್ನೊಂದು ಸರಿಪಡಿಸಿದೆ, ಅವರದಕ್ಕೆ ಅದು ಹೋಗಲಿಲ್ಲ. ಒಂದೇ ಹೆಸರಿನ ಎರಡು ನಾಡಿಗಳು ಒಂದೇ ಬೋರ್ಡಿನ ಬಗ್ಗೆ ಎರಡು ಮಾತು ಹೇಳುವ ಸ್ಥಿತಿ ಬಂತು. ಆ ಮಧ್ಯಾಹ್ನ ಡಬ್ಬಿಯಲ್ಲಿನ ರೊಟ್ಟಿ ಮುಟ್ಟದೆ ಕೂತಿದ್ದೆ. ತಪ್ಪು ಕೇಬಲ್ಲಿನಲ್ಲೂ ಇಲ್ಲ, ಲ್ಯಾಪ್‌ಟಾಪಿನಲ್ಲೂ ಇಲ್ಲ, ನಾನು ಕೊಯ್ಯಬೇಕಾದ ಜಾಗ ಬಿಟ್ಟು ಬೇರೆ ಕಡೆ ಕೊಯ್ಯುತ್ತಿದ್ದೇನೆ ಎಂದು ಆಗ ಹೊಳೆಯಿತು. ಮಿಕ್ಸರಿನ ಮೋಟರು ಒಂದೇ ಇರುತ್ತದೆ, ಚಟ್ನಿಗೆ ಒಂದು ಜಾರು, ಮಸಾಲೆಗೆ ಇನ್ನೊಂದು. ಜಾರು ಬದಲಿಸುವವರು ಮೋಟರು ಬಿಚ್ಚುವುದಿಲ್ಲ. ನಾಡಿ ಗೆರೆ ಎಳೆಯುವ, ಹಿಡಿದಿಡುವ, ಹೋಲಿಸುವ ಕೆಲಸ ಮಾತ್ರ ಮಾಡಲಿ. ಬೋರ್ಡಿನ ಜೊತೆ ಮಾತಾಡುವ ಕೆಲಸ ಹೊರಗಿನಿಂದ ಜೋಡಿಸುವ ಪ್ಲಗಿನ್ ಎಂಬ ಚಿಕ್ಕ ಪ್ರೋಗ್ರಾಮಿನದಾಗಲಿ. ಕಾರ್ಡಿಗೊಂದು ಪ್ಲಗಿನ್ನು, ಕೇಬಲ್ಲಿಗೊಂದು. ನಾಡಿ ಅದನ್ನು ಕೇಳಬೇಕಾದದ್ದು ಇಷ್ಟೇ: ನಿನ್ನದು ಯಾವ ಬೋರ್ಡು, ಅದರಲ್ಲಿ ಏನೇನು ಓದಬಹುದು, ಓದಿದ್ದನ್ನು ಕೊಡು, ಮತ್ತು ಅದು ಯಾವ ಗಳಿಗೆಯದೆಂದು ನೀನೇ ಬರೆದು ಕೊಡು. ಆ ಕೊನೆಯದೇ ಮುಖ್ಯವಾಗಿತ್ತು. ಗಳಿಗೆಯನ್ನು ಬೋರ್ಡಿನ ಒಳಗಿನ ಗಡಿಯಾರದಿಂದಲೇ ತಂದರೆ, ಕೇಬಲ್ಲು ಎಷ್ಟು ತಡ ಮಾಡಿದರೂ ಗೆರೆ ಕೆಡುವುದಿಲ್ಲ.

ಹಾಗೆ ಮಾಡಬೇಕೆಂದರೆ ಸರ್ ಹೆಸರಿನ ಫೈಲನ್ನು ಸೀಳಬೇಕು. ಅವರು ಸಂಜೆಯ ಚಹಾ ಹಿಡಿದು ಕೂತಾಗ ಹೋಗಿ ಎದುರಿಗೆ ನಿಂತೆ.

“ಸರ್, ಒಂದ್ ಮಾತ್ ಕೇಳ್ತೇನ್ರಿ. ಸಿಟ್ಟ ಆಗಬ್ಯಾಡ್ರಿ.”

“ಸಿಟ್ಟ ಬರೂ ಮಾತs ಇರಬೇಕು ಹಂಗಾರ. ಹೇಳು.”

“ನಾಡಿಯ ಮುಖ್ಯ ಫೈಲ್ ಕೊಯ್ಯಬೇಕ್ರಿ. ಕಾರ್ಡಿನ ಜೋಡಿ ಮಾತಾಡೂದೆಲ್ಲಾ ಹೊರಗ ತಗದು ಬ್ಯಾರೆ ಇಡ್ತೇನಿ. ಒಳಗ ಕಾರ್ಡಿನ ಹೆಸರs ಇರಂಗಿಲ್ರಿ.”

ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆ ಫೈಲು ಬರೆದ ಕಾಲದಲ್ಲಿ ಅವರ ಬಳಿ ಇದ್ದದ್ದು ಆ ಕಾರ್ಡು ಮತ್ತು ಆ ಕಂಪ್ಯೂಟರು ಮಾತ್ರ. ಅಂಥ ಉಪಕರಣ ಹೊರಗಿನಿಂದ ಕೊಳ್ಳುವ ತಾಕತ್ತು ಇರಲಿಲ್ಲವೆಂದೇ ತಾವೇ ಕೂತು ಮಾಡಿದ್ದು. ನಾನು ಕೊಯ್ಯುತ್ತೇನೆ ಎಂದದ್ದು ಅದನ್ನು. ನನಗೆ ಅದು ಗೊತ್ತಿತ್ತು.

“ಕೊಯ್ಯಿ” ಎಂದರು. “ಆದ್ರ ಮೊದಲ ನನ್ನ ಕಾರ್ಡಿಗೆ ಪ್ಲಗಿನ್ ಬರಿ. ಆ ಹಳೇ ಕಂಪ್ಯೂಟರಿನ್ಯಾಗ ಗೆರಿ ಮೊದಲ ಹೆಂಗ ಬರ್ತಿದ್ವೋ ಹಂಗs ಬರಬೇಕು. ಕೂದಲೆಳಿಯಷ್ಟೂ ಫರಕ್ ಇರಬಾರದು. ಅದು ಆದಮ್ಯಾಲೆ ನಿನ್ನ ಲ್ಯಾಪ್‌ಟಾಪು.”

ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂತು. ಕುಸುಬಿ ಹೊಲದಲ್ಲಿ ಹೂ ಬಿಟ್ಟಾಗಿತ್ತು. ಮಿಲ್ಲಿಗೆ ಬೇಕಾದದ್ದು ಲ್ಯಾಪ್‌ಟಾಪು, ಇವರಿಗೆ ಬೇಕಾದದ್ದು ಮೂಲೆಯ ಕಂಪ್ಯೂಟರಿನ ಮರ್ಯಾದೆ. ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಆದರೆ ಕೊಟ್ಟ ಮಾತು ಕೊಟ್ಟದ್ದೇ, ಮರುದಿನದಿಂದ ಅದೇ ಕೆಲಸ ಹಿಡಿದೆ.

ಅವರ ಷರತ್ತಿನ ಬೆಲೆ ನನಗೆ ತಿಳಿದದ್ದು ಅರ್ಧ ದಾರಿಗೆ ಬಂದ ಮೇಲೆ. ಒಂದು ಹಳೆಯ ಬೋರ್ಡನ್ನು ಹಳೆಯ ನಾಡಿಗೆ ಜೋಡಿಸಿ ಗೆರೆಗಳನ್ನು ಹಿಡಿದಿಟ್ಟುಕೊಂಡೆ. ಅದೇ ಬೋರ್ಡನ್ನು ಕೊಯ್ದ ನಾಡಿಗೆ ಪ್ಲಗಿನ್ನಿನ ಮೂಲಕ ಜೋಡಿಸಿ ಮತ್ತೆ ಹಿಡಿದೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಎಲ್ಲಿ ತಪ್ಪಿದ್ದೇನೆ ಎಂದು ತಾನೇ ಕಾಣುತ್ತಿತ್ತು. ಒಂದು ಕಡೆ ಗೆರೆ ಒಂದು ಹೆಜ್ಜೆ ಹಿಂದೆ ಬಿದ್ದಿತ್ತು, ನಾನು ಬೋರ್ಡನ್ನು ಓದಿದ ಮೇಲೆ ಗಳಿಗೆ ಬರೆಯುತ್ತಿದ್ದೆ, ಓದುವ ಮೊದಲು ಬರೆಯಬೇಕಿತ್ತು. ಇನ್ನೊಂದು ಕಡೆ ಸರ್ ಯಾಕೋ ಒಂದು ಸಂಖ್ಯೆಯನ್ನು ತಿರುವಿ ಹಾಕಿದ್ದರು, ನಾನದನ್ನು ತಪ್ಪೆಂದು ತಿಳಿದು ಸರಿ ಮಾಡಿದ್ದೆ. ಆ ಕಾರ್ಡಿನ ತಂತಿಯನ್ನೇ ತಿರುವುಮುರುವಾಗಿ ಜೋಡಿಸಿತ್ತು, ಅವರು ಮಾಡಿದ್ದೇ ಸರಿ. ಆ ತಿರುವನ್ನು ನಾಡಿಯಿಂದ ತೆಗೆದು ಕಾರ್ಡಿನ ಪ್ಲಗಿನ್ನಿಗೆ ಹಾಕಿದೆ, ಅದರ ನಿಜವಾದ ಮನೆ ಅದು. ಹಳೆಯ ಕಾರ್ಡಿನ ಎದುರು ಪರೀಕ್ಷೆ ಮಾಡದೆ ನೇರ ಲ್ಯಾಪ್‌ಟಾಪಿಗೆ ಹಾರಿದ್ದರೆ ಈ ಎರಡೂ ತಪ್ಪುಗಳನ್ನು ಹೊತ್ತುಕೊಂಡೇ ಮಿಲ್ಲಿಗೆ ಹೋಗುತ್ತಿದ್ದೆ.

ಎರಡೂ ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಗೆರೆಯಾದ ದಿನ ಸರ್‌ರನ್ನು ಕರೆದೆ. ಅವರು ದೊಡ್ಡದು ಮಾಡಿ ನೋಡಿದರು, ಇನ್ನೂ ದೊಡ್ಡದು ಮಾಡಿದರು. ಏನೂ ಸಿಗಲಿಲ್ಲ. “ಹೂಂ” ಎಂದು ಹೋದರು. ನಮ್ಮ ಸರ್ ಬಾಯಿಂದ ಅಂಥ ಹೂಂ ಬಂತೆಂದರೆ ಬೇರೆ ಕಡೆ ಚಪ್ಪಾಳೆ ತಟ್ಟಿದ ಹಾಗೆ. ಕೇಬಲ್ಲಿನ ಪ್ಲಗಿನ್ನು ಆಮೇಲೆ ಸಲೀಸಾಗಿ ಬಂತು. ಲ್ಯಾಪ್‌ಟಾಪಿನ ಗೆರೆಗಳು ನಡುಗಲಿಲ್ಲ. ಕೊಯ್ದ ಫೈಲಿನ ಮೊದಲ ಸಾಲಿನಲ್ಲಿ ಸರ್ ಹೆಸರನ್ನು ಹಾಗೆಯೇ ಬಿಟ್ಟಿದ್ದೆ.

ಒಳ್ಳೆಯ ದಿನ ನೋಡಿ ಲ್ಯಾಪ್‌ಟಾಪು ಹೆಗಲಿಗೇರಿಸಿ ಮಿಲ್ಲಿಗೆ ಹೋದೆ. ಮೊದಲನೇ ಯಂತ್ರದ ಪೆಟ್ಟಿಗೆಗೆ ಕೇಬಲ್ಲು ಸಿಕ್ಕಿಸಿ, ಶೇಂಗಾ ಚೀಲದ ಮೇಲೆ ಕೂತು ಕಾದೆ. ಯಂತ್ರ ಸಂಜೆಯವರೆಗೂ ಅಚ್ಚುಕಟ್ಟಾಗಿ ಎಣ್ಣೆ ಸುರಿಸಿತು. ಒಂದು ಗೆರೆಯೂ ಅಲುಗಲಿಲ್ಲ. ಇಷ್ಟೆಲ್ಲ ಮಾಡಿ ತಂದರೂ ರೋಗ ತೋರಿಸದ ಆ ಯಂತ್ರದ ಮೇಲೆ ನನಗೆ ಎಲ್ಲಿಲ್ಲದ ರೋಷ. ಕೇಬಲ್ಲು ಸುತ್ತುತ್ತಿದ್ದಾಗ ಅಲ್ಲಿನ ಮಿಸ್ತ್ರಿ, ಮೂರೂ ಯಂತ್ರಗಳನ್ನು ನೋಡಿಕೊಳ್ಳುವವರು, ಸಮಾಧಾನಕ್ಕೆಂದು ಹೇಳಿದರು:

“ಹೋಗ್ಲಿ ಬಿಡ್ರಿ ಅಕ್ಕಾರ. ಮುಂದಿನ ವಾರ ಅಮಾಸಿ ಐತಿ. ಮಷಿನ್ ತೊಳದು ಪೂಜಾ ಮಾಡ್ತೇವಲ್ರಿ, ಈ ಸಲ ಛಲೋತ್ನಾಗ ದೃಷ್ಟಿ ತಗೀತೇವಿ.”

“ಪೂಜಿಗೆ ಮಷಿನ್ ಬಂದ್ ಇರ್ತೈತೇನ್ರಿ?”

“ಮುಂಜಾನಿಂದ ಬಂದ್ರಿ. ಪೂಜಾ ಆದಮ್ಯಾಲೆ ಚಾಲೂ.”

ನಾನು ಹಿಡಿದುಕೊಂಡದ್ದು ಅಷ್ಟನ್ನೇ. ತಣ್ಣಗೆ ನಿಂತ ಯಂತ್ರ ಚಾಲೂ ಆಗುವಾಗ ಬೋರ್ಡು ಹೇಗೆ ವರ್ತಿಸುತ್ತದೆ ಎಂದು ನಾವು ಇದುವರೆಗೆ ನೋಡಿಯೇ ಇರಲಿಲ್ಲ. ಆ ದಿನ ಇಲ್ಲಿರಬೇಕು ಅನ್ನಿಸಿತು.

ಅದಕ್ಕೆ ನಮ್ಮ ಆಫೀಸಿನದೇ ಅಡ್ಡಿ. ಅಮಾವಾಸ್ಯೆಯ ದಿನ ನಮ್ಮವರು ಯಾವ ಮಿಲ್ಲಿಗೂ ಹೊರಡುವುದಿಲ್ಲ, ಮರುದಿನ ಪಾಡ್ಯಕ್ಕೂ ಇಲ್ಲ. ಅದಾದ ಮೇಲೆ ಒಳ್ಳೆಯ ದಿನ ನೋಡಿ ಹೊರಡುವುದು ಕಂಪನಿ ಶುರುವಾದಾಗಿನ ಪದ್ಧತಿ. ನಾನು ಕೇಳಿದಾಗ ಸರ್ ಕ್ಯಾಲೆಂಡರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಫೈಲ್ ಕೊಯ್ದಿ. ಈಗ ಅಮಾಸಿಗೆ ಕೈ ಹಾಕಿದಿ.”

“ಕುಸುಬಿ ಬರಾಕ ಭಾಳ ದಿನಾ ಇಲ್ರಿ ಸರ್.”

“ಹಂಗಾರ ಒಬ್ಬಾಕಿನ ಹೋಗಬ್ಯಾಡ. ನಾನೂ ಬರ್ತೀನಿ” ಎಂದರು. ಅವರು ಮಿಲ್ಲಿನ ಕೆಲಸಕ್ಕೆ ಹೊರಗೆ ಹೋಗುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು.

ಆ ದಿನ ಮುಂಜಾನೆ ನಾನು ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಲ್ಲಿ ನಿಂತು, “ಅಮಾಸಿ ದಿವಸ ಹೊಸಾ ಕೆಲಸಾ ಹಿಡದು ಹೊಂಟಿಯಲ್ಲವಾ?” ಎಂದರು. “ಕೆಲಸ ಹಳೇದ್ರಿ ಅತ್ತಿ, ಭಾಳ ಹಳೇದು” ಎಂದು ನಕ್ಕು ಹೊರಟೆ.

ಮಿಲ್ಲಿಗೆ ತಲುಪಿದಾಗ ತೊಳೆಯುವುದು ನಡೆದಿತ್ತು. ಮಿಸ್ತ್ರಿ ಸೋಡಾಪುಡಿ ಕಲಸಿದ ಬಿಸಿನೀರಿನಲ್ಲಿ ಬ್ರಶ್ಶು ಅದ್ದಿ ಎಣ್ಣೆಯ ಜಿಡ್ಡನ್ನು ಉಜ್ಜುತ್ತಿದ್ದರು. ಆಮೇಲೆ ಪೈಪು ಹಿಡಿದು ಮೈಯೆಲ್ಲ ತೊಳೆದರು. ಪೂಜೆ ನಡೆಯುವುದು ಬಾಗಿಲ ಹತ್ತಿರದ ಮೊದಲನೇ ಯಂತ್ರಕ್ಕೆ, ಆದ್ದರಿಂದ ಅದಕ್ಕೆ ಹೆಚ್ಚಿನ ಸ್ನಾನ. ಮೋಟರಿಗೂ ನಮ್ಮ ಪೆಟ್ಟಿಗೆಗೂ ಪ್ಲಾಸ್ಟಿಕ್ ಹೊದಿಸಿದ್ದರು, ಅವರ ಎಚ್ಚರಿಕೆಯಲ್ಲಿ ಕೊರತೆ ಇರಲಿಲ್ಲ. ಒರೆಸಿ, ವಿಭೂತಿ ಪಟ್ಟೆ ಎಳೆದು, ಚೆಂಡುಹೂವಿನ ಹಾರ ಹಾಕಿ ಮಾಲೀಕರು ಕಾಯಿ ಒಡೆದರು. ನಿಂಬೆಹಣ್ಣು ಇಳಿಸಿ ದೃಷ್ಟಿ ತೆಗೆದರು. ಸರ್ ಕೈಮುಗಿದು ನಿಂತಿದ್ದರು, ನಾನು ಒಂದು ಕೈಯಲ್ಲಿ ಪ್ರಸಾದ ಇನ್ನೊಂದರಲ್ಲಿ ಲ್ಯಾಪ್‌ಟಾಪು ಹಿಡಿದು ನಿಂತಿದ್ದೆ.

ಯಂತ್ರ ಚಾಲೂ ಆಯಿತು. ಗೆರೆಗಳು ಹರಿದವು. ಮೋಟರಿನ ಬಿಸಿ ಸರಿ, ಕಾಳಿನ ಹರಿವು ಸರಿ. ಸ್ವಲ್ಪ ಹೊತ್ತಿಗೆ ಸರ್ ಬೆರಳು ಪರದೆಯ ಕೆಳಗಿನ ಗೆರೆಯ ಮೇಲೆ ಬಂದು ನಿಂತಿತು. ಬೆಲ್ಟಿನ ಮುಚ್ಚಳದ ಗೆರೆ ಅದು. ಮುಚ್ಚಳ ಮುಚ್ಚಿದ್ದರೆ ಅದು ನೆಟ್ಟಗೆ ಹೋಗಬೇಕು. ಮುಚ್ಚಳ ನಮ್ಮ ಕಣ್ಣೆದುರೇ ಮುಚ್ಚಿತ್ತು, ಗೆರೆಯಲ್ಲಿ ಮಾತ್ರ ಸಣ್ಣ ಸಣ್ಣ ಕಚ್ಚುಗಳು ಬಿದ್ದಿದ್ದವು. ಅಷ್ಟು ಚಿಕ್ಕದನ್ನು ನನ್ನ ಪ್ರೋಗ್ರಾಮು ಲೆಕ್ಕಿಸುವುದಿಲ್ಲ. ಆದರೆ ಕಚ್ಚುಗಳು ಬರಬರುತ್ತ ಅಗಲವಾದವು.

“ಅಂತರ ನೋಡು” ಎಂದರು ಸರ್.

ಅಂತರ ಸಮ ಇತ್ತು, ಅಳೆದಿಟ್ಟ ಹಾಗೆ. ಬೆಲ್ಟಿನ ದೊಡ್ಡ ಚಕ್ರ ಒಂದು ಸುತ್ತು ಬಂದಾಗಲೊಮ್ಮೆ ಒಂದು ಕಚ್ಚು. ಪ್ರೋಗ್ರಾಮಿನ ತಪ್ಪಾಗಿದ್ದರೆ ಅದಕ್ಕೆ ಚಕ್ರದ ಪರಿವೆ ಇರುತ್ತಿರಲಿಲ್ಲ. ಚಕ್ರ ಕುಲುಕಿದಾಗ ಯಾವುದೋ ಜೋಡಣೆ ಅಲುಗುತ್ತಿದೆ. ಗಳಿಗೆಯನ್ನು ಬೋರ್ಡಿನಿಂದಲೇ ತರದಿದ್ದರೆ ಈ ಸಮ ಅಂತರ ನಮಗೆ ಎಂದೂ ಕಾಣುತ್ತಿರಲಿಲ್ಲ. ನಾನು ಬಾಯಿಬಿಡುವಷ್ಟರಲ್ಲಿ ಒಂದು ಕಚ್ಚು ಮಿತಿ ಮೀರಿತು. ಯಂತ್ರ ನಿಂತಿತು, ಕೆಂಪು ದೀಪ ಹತ್ತಿತು. ಮಾಲೀಕರು ಹಣೆ ಒತ್ತಿಕೊಂಡರು. ನನಗೋ, ನಿಜ ಹೇಳಬೇಕೆಂದರೆ, ಅಷ್ಟು ಸಂತೋಷ ಈಚೆಗೆ ಆಗಿರಲಿಲ್ಲ.

ಮುಚ್ಚಳದ ಸ್ವಿಚ್ಚಿನಿಂದ ಬರುವ ತಂತಿಯನ್ನು ಬೆರಳಲ್ಲೇ ಹಿಂಬಾಲಿಸಿದೆ. ಚೌಕಟ್ಟಿನ ಕೆಳಗೆ ಅದಕ್ಕೊಂದು ಕನೆಕ್ಟರು. ಬಿಚ್ಚಿದರೆ ಒಳಗಿನಿಂದ ನೀರು ತೊಟ್ಟಿಕ್ಕಿತು. ಚಕ್ರ ಕುಲುಕಿದಾಗಲೆಲ್ಲ ಆ ನೀರು ಒಳಗಿನ ತಂತಿಗಳ ನಡುವೆ ಅಲುಗುತ್ತಿತ್ತು. ಒಣ ಬಟ್ಟೆಯಿಂದ ಒರೆಸಿ, ಊದಿ ಒಣಗಿಸಿ ಜೋಡಿಸಿದೆ. ಯಂತ್ರ ಓಡಿತು, ಗೆರೆ ನೆಟ್ಟಗಾಯಿತು.

ಮಾಲೀಕರಿಗೆ ನಂಬಿಕೆ ಬರಲಿಲ್ಲ. ಆಗ ಸರ್, “ಸಾಹುಕಾರ್ರ, ಒಂದ್ ತಂಬಿಗಿ ನೀರು ತರಸ್ರಿ” ಎಂದರು. ಬಾಯಾರಿದೆಯೆಂದು ತಿಳಿದು ಮಾಲೀಕರು ಬೆಲ್ಲವನ್ನೂ ತರಿಸಿದರು. ಸರ್ ಬೆಲ್ಲ ಬಾಯಿಗೆ ಹಾಕಿಕೊಂಡು, ಬಗ್ಗಿ, ನೀರನ್ನು ನಿಧಾನವಾಗಿ ಆ ಕನೆಕ್ಟರಿನ ಮೇಲೆ ಸುರಿದರು. ಅದು ಇಪ್ಪತ್ನಾಲ್ಕು ವೋಲ್ಟಿನ ತಂತಿ, ಮುಟ್ಟಿದರೂ ಏನೂ ಆಗುವುದಿಲ್ಲ. ಪರದೆಯ ಮೇಲೆ ಕಚ್ಚುಗಳು ಸಾಲಾಗಿ ಬಂದವು. ಎಲ್ಲರೂ ಯಂತ್ರವನ್ನೇ ನೋಡುತ್ತ ನಿಂತೆವು. ಯಂತ್ರ ನಿಂತಿತು.

“ಅಯ್ಯ ಶಿವನ!” ಎಂದರು ಮಿಸ್ತ್ರಿ. “ನಿಂತಾಗೆಲ್ಲಾ ದೃಷ್ಟಿ ಆಗೇತಿ ಅಂತ ಇನ್ನಷ್ಟು ತೊಳದೇವಲ್ರಿ!”

“ಅಮಾಸಿ ಆದಮ್ಯಾಲೆ ನಿಲ್ತೈತಿ ಅಂತ ಒಮ್ಮಿ ಹೇಳಿದ್ರ ಆಗ್ತಿತ್ತಲ್ರಿ?” ಎಂದೆ ನಾನು.

“ಇಂಜಿನಿಯರ್ ಮಂದಿಗೆ ಅಮಾಸಿ ಅಂತ ಹೆಂಗ ಹೇಳೂದ್ರಿ? ನಗ್ತೀರಿ ಅಂತ ಸುಮ್ಮನಿದ್ವಿ” ಎಂದರು ಮಾಲೀಕರು.

ನಗುವ ಮುಖ ನಮಗೂ ಇರಲಿಲ್ಲ. ಅಮಾವಾಸ್ಯೆ, ಪಾಡ್ಯ ಕಳೆದು ಒಳ್ಳೆಯ ದಿನ ನೋಡಿ ನಾವು ಬರುವಷ್ಟರಲ್ಲಿ ಯಂತ್ರದ ಬಿಸಿಗೆ ಆ ನೀರು ಆರಿಹೋಗಿರುತ್ತಿತ್ತು. ಅವರು ಪೆಟ್ಟಿಗೆಯನ್ನಷ್ಟೇ ಕಳಿಸುತ್ತಿದ್ದರು, ತಂತಿ ಅಲ್ಲಿಯೇ ಇರುತ್ತಿತ್ತು. ನೀರು ಹೋಗುವಂಥ ಕನೆಕ್ಟರನ್ನು ಬಾಯಿ ಮೇಲಾಗಿ ಕೂರಿಸಿದವರು ನಾವೇ. ಸರ್ ಅದನ್ನು ಅಲ್ಲಿಯೇ ಮಾಲೀಕರ ಎದುರಿಗೆ ಹೇಳಿದರು. ನನ್ನ ಕಡೆ ತೋರಿಸಿ, “ಇಕಿ ಪ್ರೋಗ್ರಾಮಿನ್ಯಾಗ ತಪ್ಪಿಲ್ರಿ. ಮುಚ್ಚಳ ತಗದದ ಅಂತ ತಿಳದು ಮಷಿನ್ ನಿಲ್ಲಿಸೇದ, ಅದರ ಕೆಲಸ ಅದು ಮಾಡೇದ” ಎಂದೂ ಹೇಳಿದರು. ಆ ಮಾತಿಗಾಗಿಯೇ ನಾನು ಇಷ್ಟು ದಿನ ಕಾದದ್ದು.

ಮೂರೂ ಯಂತ್ರಗಳಿಗೆ ನೀರು ಹೋಗದ ಕನೆಕ್ಟರು ಹಾಕಿ, ಬಾಯಿ ಕೆಳಗೆ ಮಾಡಿ, ಮೇಲಕ್ಕೆತ್ತಿ ಕಟ್ಟಿದೆವು. ಯಂತ್ರ ಯಾಕೆ ನಿಂತಿತೋ ಅದಕ್ಕೆ ತಕ್ಕಂತೆ ದೀಪ ಬೇರೆ ಬೇರೆ ರೀತಿ ಮಿನುಗುವಂತೆ ಪ್ರೋಗ್ರಾಮು ಬದಲಿಸಿದೆ. ಮುಂದಿನ ಅಮಾವಾಸ್ಯೆಗೂ ಹೋದೆ. ಮಿಸ್ತ್ರಿ ಪೈಪು ಹಿಡಿದು ಹಿಂದೆಮುಂದೆ ನೋಡುತ್ತಿದ್ದರು. “ಮನಸ್ಸಿಗೆ ಬರೂವಷ್ಟು ತೊಳೀರಿ” ಎಂದೆ. ತೊಳೆದರು. ಪೂಜೆಯಾಯಿತು. ಹೊಸ ಕುಸುಬಿಯ ಮೊದಲ ಚೀಲ ಬಿಚ್ಚಿ ಸುರಿದರು. ಸಂಜೆ ನಾನು ಹೊರಡುವವರೆಗೂ ಯಂತ್ರ ನಿಲ್ಲಲಿಲ್ಲ. ಪೂಜೆಯ ವೇಳೆ ಮಿಸ್ತ್ರಿ ಲ್ಯಾಪ್‌ಟಾಪಿನ ಬೆನ್ನಿಗೂ ವಿಭೂತಿ ಹಚ್ಚಿದ್ದರು, ಅದನ್ನು ನಾನು ಒರೆಸಿಲ್ಲ.

ಅದಾದ ಕೆಲವು ದಿನಕ್ಕೆ ಸರ್ ನನ್ನನ್ನು ಕಿಟಕಿಯ ಮೂಲೆಗೆ ಕರೆದರು. ಹಿಟ್ಟಿನ ಗಿರಣಿಗಳಲ್ಲಿರುವ ನಮ್ಮ ಹಳೆಯ ಬೋರ್ಡಿಗೆ ಅವರೇ ಒಂದು ಪ್ಲಗಿನ್ನು ಬರೆದಿದ್ದರು. ನಾಡಿಯ ಒಂದು ಸಾಲನ್ನೂ ಮುಟ್ಟದೆ, ನಾನು ಹಾಕಿದ ಗಡಿಯ ಹೊರಗೇ ನಿಂತು ಬರೆದಿದ್ದರು. ಮೊದಲ ಸಾಲಿನಲ್ಲಿ ಅವರ ಹೆಸರು.

“ನೋಡು” ಎಂದು ಕುರ್ಚಿ ಬಿಟ್ಟು ಎದ್ದರು.

ಓದಿದೆ. ಒಂದು ಕಡೆ ಅವರು ಬೋರ್ಡನ್ನು ಓದಿದ ಮೇಲೆ ಗಳಿಗೆ ಬರೆದಿದ್ದರು, ನಾನು ಮೊದಲು ಮಾಡಿದ್ದ ತಪ್ಪೇ. ಬೆರಳು ತೋರಿಸಿ, “ಇಲ್ಲೆ ಒಂದೀಟು ನೋಡ್ರಿ ಸರ್” ಎಂದೆ.

“ನನಗ್ಯಾಕ ತೋರಸ್ತಿ? ತಿದ್ದು.”

ತಿದ್ದಿದೆ. ಎದ್ದು ನಿಂತೆ. ಅವರು ಕನ್ನಡಕ ಮೇಲೇರಿಸಿ ಪರದೆಗೆ ಬಗ್ಗಿದರು.

“ಹೆಸರು ಹಾಕಿಲ್ಲಲ್ಲ?”

“ನಿಮ್ಮ ಹೆಸರು ಐತಲ್ರಿ ಮ್ಯಾಲೆ.”

“ನಂದು ಇರೂದು ನನಗೂ ಕಾಣ್ತದ. ನಿಂದು ಎಲ್ಲೆ?”

ನಾನು ಮತ್ತೆ ಕೂತು, ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ.